ತೇಲಿಸಿದವರೇ ಬದು ಕಟ್ಟಬೇಕು

ಹೋದ ಮುಂಗಾರಿನಲ್ಲಿ ನಮ್ಮಿಂದ ಒಂದು ತಪ್ಪಾಯಿತು. ಅದನ್ನು ಒಪ್ಪಿಕೊಂಡೇ ಈ ಬರಹ ಶುರು ಮಾಡುತ್ತೇವೆ.

ಬೆಳೆ ವಿಮೆಗೆ ಅರ್ಜಿ ಹಾಕಲು ಯಾವ ಬೆಳೆಗೆ ಯಾವತ್ತು ಕೊನೆಯ ದಿನ ಎಂದು ತಿಳಿಸುವ ಒಂದು ಪುಟ ಮಾಡಿದ್ದೆವು. ಎಡಗಡೆ ಬೆಳೆಯ ಚಿತ್ರ, ಚಿತ್ರದೊಳಗೇ ಬೆಳೆಯ ಹೆಸರು. ಬಲಗಡೆ ದಿನಾಂಕ. ಹೆಸರುಕಾಳು, ತೊಗರಿ, ಜೋಳ, ಹೀಗೆ ಒಂದರ ಕೆಳಗೆ ಒಂದು. ಲ್ಯಾಪ್‌ಟಾಪಿನಲ್ಲಿ ನೋಡಿದೆವು, ನಮ್ಮ ಟಚ್ ಫೋನುಗಳಲ್ಲೂ ನೋಡಿದೆವು. ಚೆನ್ನಾಗಿ ಕಂಡಿತು. ಹಾಕಿದೆವು.

ಕೆಲವು ದಿನ ಬಿಟ್ಟು ಓದುಗರೊಬ್ಬರು ಫೋನ್ ಮಾಡಿದರು. ನಮ್ಮ ಅಪ್ಪನ ವಯಸ್ಸಿನವರು. “ತಮ್ಮಾ, ನಿಮ್ಮ ಪುಟದಾಗಿನ ತಾರೀಖು ನೋಡ್ಕೊಂಡ ಹೋಗಿದ್ದೆ. ಹೆಸರಿಂದು ಮುಗದ ಹೋಗೇತಿ ಅಂತ ಹೊಳ್ಳಿ ಕಳಿಸ್ಯಾರ” ಎಂದರು. ನಾವು ಪುಟ ತೆಗೆದು ನೋಡಿದೆವು. ದಿನಾಂಕ ಸರಿಯಾಗಿಯೇ ಇತ್ತು. “ಕಾಕಾ, ನಿಮ್ಮ ಫೋನ್ ಯಾವ್ದು?” ಎಂದು ಕೇಳಿದೆವು. ಬಟನ್ ಇರುವ, ಅಂಗೈಯಷ್ಟೂ ಇಲ್ಲದ ಪರದೆಯ ಫೋನು. ಅಂಥದ್ದೇ ಒಂದನ್ನು ಪಕ್ಕದ ಮನೆಯಿಂದ ತಂದು ನೋಡಿದಾಗ ನಮ್ಮ ಮುಖ ಸಣ್ಣದಾಯಿತು. ತೊಗರಿಯ ದಿನಾಂಕ ಮೇಲಕ್ಕೆ ಏರಿ ಹೆಸರುಕಾಳಿನ ಚಿತ್ರದ ಪಕ್ಕದಲ್ಲಿ ಕೂತಿತ್ತು. ಒಂದು ಚಿತ್ರಕ್ಕೆ ಎರಡು ದಿನಾಂಕ. ಕಾಕಾ ಕೆಳಗಿನದನ್ನು ನಂಬಿದ್ದರು.

“ನಿಮ್ಮ ಫೋನ್ ಹಳೇದು ಕಾಕಾ, ಹೊಸದು ತಗೋರಿ” ಎಂದುಬಿಡುವುದು ಸುಲಭ. ಎಷ್ಟೋ ಕಚೇರಿಗಳ, ಕಂಪನಿಗಳ ಪುಟಗಳು ಹೇಳುವುದೂ ಅದನ್ನೇ: ಈ ತಾಣವನ್ನು ಇಂಥ ಬ್ರೌಸರಿನಲ್ಲೇ ನೋಡಿ. ಇದು ತಪ್ಪು ಎಂದು ನಾವು ಹೇಳುತ್ತೇವೆ. ಪುಟ ಕೆಟ್ಟು ಕಂಡರೆ ಅದು ಓದುವವರ ತಪ್ಪಲ್ಲ, ಮಾಡಿದವರ ತಪ್ಪು. ಯಾಕೆ ಎಂದು ತಿಳಿಯಬೇಕಾದರೆ ಪುಟ ಹೇಗೆ ನಿಲ್ಲುತ್ತದೆ, ಹೇಗೆ ಕುಸಿಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು.

ಪತ್ರಿಕೋದ್ಯಮ ಓದುವಾಗ ನಮಗೆ ಪುಟವಿನ್ಯಾಸ ಕಲಿಸಿದ್ದರು. ಅಂಕಣದ ಒಂದು ಬದಿಗೆ ಚಿತ್ರ ಇಟ್ಟರೆ ಅಕ್ಷರಗಳು ಅದರ ಪಕ್ಕದಲ್ಲಿ ಹರಿದು, ಚಿತ್ರ ಮುಗಿದ ಮೇಲೆ ಮತ್ತೆ ಪೂರ್ತಿ ಅಗಲಕ್ಕೆ ಹರಡುತ್ತವೆ. ದಿನಪತ್ರಿಕೆ ತೆರೆದರೆ ನೀವೂ ಇದನ್ನು ನೋಡಬಹುದು. ಇದೇ ಕೆಲಸವನ್ನು ಪರದೆಯ ಮೇಲೆ ಮಾಡಿಸುವ ಅಪ್ಪಣೆಯ ಹೆಸರು ‘ಫ್ಲೋಟ್’, ಅಂದರೆ ತೇಲು. ಪುಟದ ಬಣ್ಣ, ಅಗಲ, ಜಾಗ ಎಲ್ಲವನ್ನೂ ಹೇಳುವ ಸಿಎಸ್‌ಎಸ್ ಎಂಬ ಭಾಷೆಯನ್ನು ಹೋಕನ್ ವೀಯುಮ್ ಲೀ ಎಂಬವರು 1994ರಲ್ಲಿ ಮುಂದಿಟ್ಟರು. ಅದರ ಮೊದಲ ಆವೃತ್ತಿ 1996ರ ಡಿಸೆಂಬರಿನಲ್ಲಿ ಬಂತು. ‘ಫ್ಲೋಟ್’ ಆಗಲೇ ಇತ್ತು. ಅದರ ಜೊತೆಗೆ ‘ಕ್ಲಿಯರ್’ ಎಂಬ ಇನ್ನೊಂದು ಅಪ್ಪಣೆಯೂ ಇತ್ತು: ತೇಲಿದ್ದರ ಪಕ್ಕಕ್ಕೆ ಬರಬೇಡ, ಅದು ಮುಗಿದ ಮೇಲೆ ಕೆಳಗೆ ನಿಲ್ಲು.

ತೊಂದರೆ ಹುಟ್ಟುವುದು ಇಲ್ಲಿ. ಪುಟದ ಪ್ರತಿ ಭಾಗವೂ ಒಂದು ಪೆಟ್ಟಿಗೆ. ಪೆಟ್ಟಿಗೆ ತನ್ನ ಎತ್ತರ ಅಳೆದುಕೊಳ್ಳುವಾಗ ತೇಲಿದ ವಸ್ತುವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಂಡಕ್ಟರ್ ಬಸ್ಸಿನ ಒಳಗಿನ ತಲೆ ಎಣಿಸಿ ಟಾಪ್ ಮೇಲೆ ಕೂತವರನ್ನು ಬಿಟ್ಟ ಹಾಗೆ. ಚಿತ್ರ ಎತ್ತರವಾಗಿದ್ದು ಪಕ್ಕದ ಬರಹ ಒಂದೇ ಸಾಲಾಗಿದ್ದರೆ, ಪೆಟ್ಟಿಗೆ ಆ ಒಂದು ಸಾಲಿಗೇ ಮುಗಿಯುತ್ತದೆ. ಮುಂದಿನ ಪೆಟ್ಟಿಗೆಯ ಬರಹ ಮೇಲೆ ಬಂದು ಹಿಂದಿನ ಚಿತ್ರದ ಪಕ್ಕದಲ್ಲಿ ಸೇರಿಕೊಳ್ಳುತ್ತದೆ. ಬದು ಇಲ್ಲದ ಗದ್ದೆಯ ನೀರು ಪಕ್ಕದವರ ಹೊಲಕ್ಕೆ ನುಗ್ಗಿದಂತೆ. ಕಾಕಾ ಅವರ ಫೋನಿನಲ್ಲಿ ಆದದ್ದು ಇದೇ.

ಇದು ಬ್ರೌಸರಿನ ದೋಷವಲ್ಲ, ನಿಯಮವೇ ಹಾಗಿದೆ. ಚಿತ್ರದ ಪಕ್ಕ ಎರಡು ಮೂರು ಪ್ಯಾರಾ ಹರಿಯಲಿ ಎಂಬುದಕ್ಕೇ ಆ ನಿಯಮ ಮಾಡಿದ್ದು. ಆದರೆ ಪುಟ ಕಟ್ಟುವವರಿಗೆ ಅಂಕಣಗಳನ್ನು ಅಕ್ಕಪಕ್ಕ ನಿಲ್ಲಿಸಲು ಆಗ ಬೇರೆ ಒಳ್ಳೆಯ ದಾರಿ ಇರಲಿಲ್ಲ. ಹಾಗಾಗಿ ಇಡೀ ಪುಟವನ್ನೇ ಫ್ಲೋಟ್ ಮೇಲೆ ಕಟ್ಟಿದರು. ಚಿತ್ರಕ್ಕೆಂದು ಮಾಡಿದ ಮೊಳೆಯ ಮೇಲೆ ಮನೆಯ ತೊಲೆ ನೇತು ಹಾಕಿದಂತಾಯಿತು.

ಬ್ರೌಸರುಗಳಾದರೂ ಒಂದೇ ರೀತಿ ನಡೆದುಕೊಂಡವೇ? ಇಲ್ಲ. 2001ರಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 6 ವರ್ಷಗಟ್ಟಲೆ ಜಗತ್ತಿನ ಹೆಚ್ಚಿನ ಕಂಪ್ಯೂಟರುಗಳಲ್ಲಿತ್ತು. ಎಡಕ್ಕೆ ತೇಲಿಸಿದ ಪೆಟ್ಟಿಗೆಗೆ ಎಡಗಡೆ ಹತ್ತು ಅಳತೆ ಜಾಗ ಬಿಡು ಎಂದರೆ ಕೆಲವು ಕಡೆ ಅದು ಇಪ್ಪತ್ತು ಬಿಡುತ್ತಿತ್ತು. ಕೊನೆಯ ಅಂಕಣಕ್ಕೆ ಜಾಗ ಸಾಲದೆ ಕೆಳಗೆ ಬೀಳುತ್ತಿತ್ತು. ಇನ್ನೊಂದು ದೋಷದಲ್ಲಿ ತೇಲಿದ ಪೆಟ್ಟಿಗೆಯ ಪಕ್ಕದ ಬರಹ ಮಾಯವಾಗಿ, ಪುಟ ಸರಿಸಿದಾಗ ಮತ್ತೆ ಕಾಣುತ್ತಿತ್ತು. ಕೆಲವು ಪೆಟ್ಟಿಗೆಗಳು ತೇಲಿದ್ದನ್ನೂ ಸೇರಿಸಿ ಎತ್ತರ ಅಳೆಯುತ್ತಿದ್ದವು, ಕೆಲವು ಅಳೆಯುತ್ತಿರಲಿಲ್ಲ. ಫೈರ್‌ಫಾಕ್ಸಿನಲ್ಲಿ ಸರಿ ಮಾಡಿದರೆ ಇಲ್ಲಿ ಕೆಡುತ್ತಿತ್ತು, ಇಲ್ಲಿ ಸರಿ ಮಾಡಿದರೆ ಅಲ್ಲಿ ಕೆಡುತ್ತಿತ್ತು.

ಇದಕ್ಕೆ 2004ರ ಸುಮಾರಿಗೆ ಹೊರಬಂದ ಮದ್ದಿಗೆ ‘ಕ್ಲಿಯರ್‌ಫಿಕ್ಸ್’ ಎಂಬ ಹೆಸರು ನಿಂತಿತು. ಪೆಟ್ಟಿಗೆಯ ಕೊನೆಯಲ್ಲಿ ಕಣ್ಣಿಗೆ ಕಾಣದ ಒಂದು ತುಂಡನ್ನು ಸಿಎಸ್‌ಎಸ್‌ನಿಂದಲೇ ಹುಟ್ಟಿಸಿ, ತೇಲಿದ ಎಲ್ಲದರ ಕೆಳಗೆ ನಿಲ್ಲು ಎಂದು ಅದಕ್ಕೆ ಹೇಳುವುದು. ಅದು ಕೆಳಗೆ ನಿಂತರೆ ಪೆಟ್ಟಿಗೆಯೂ ಅಲ್ಲಿಯವರೆಗೆ ಇಳಿಯಲೇಬೇಕು. ಎಕ್ಸ್‌ಪ್ಲೋರರ್ 6 ಮತ್ತು 7ಕ್ಕೆ ಹೀಗೆ ತುಂಡು ಹುಟ್ಟಿಸುವುದು ಗೊತ್ತಿರಲಿಲ್ಲ. ಅವಕ್ಕೆ ಬೇರೆ ಉಪಾಯ ಬೇಕಾಯಿತು. ‘ಝೂಮ್: 1’ ಎಂದು ಒಂದು ಸಾಲು ಬರೆದರೆ ಅವು ಪೆಟ್ಟಿಗೆಯ ಎತ್ತರ ಸರಿಯಾಗಿ ಅಳೆಯುತ್ತಿದ್ದವು. 2011ರಲ್ಲಿ ನಿಕೋಲಸ್ ಗಲ್ಲಾಘರ್ ಎಂಬವರು ಇವೆರಡನ್ನೂ ಸೇರಿಸಿ ಕೆಲವೇ ಸಾಲಿಗೆ ಇಳಿಸಿದರು.

ಇನ್ನೊಂದು ಸುಲಭ ದಾರಿಯೂ ಇದೆ: ‘ಓವರ್‌ಫ್ಲೋ: ಹಿಡನ್’. ಇದನ್ನು ಬರೆದರೂ ಪೆಟ್ಟಿಗೆ ತೇಲಿದ್ದನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆದರೆ ಹೊರಗೆ ಚಾಚಿದ್ದನ್ನು ಕತ್ತರಿಸಿಬಿಡುತ್ತದೆ. ಇಂಗ್ಲಿಷಿನ ಅಳತೆಗೆ ಸಾಲಿನ ಎತ್ತರ ಇಟ್ಟ ಪುಟದಲ್ಲಿ ನಮ್ಮ ಒತ್ತಕ್ಷರಗಳು ಕೆಳಗೆ ಇಳಿದಿರುತ್ತವೆ, ಕೊನೆಯ ಸಾಲಿನ ಒತ್ತಿಗೆ ಕತ್ತರಿ ಬೀಳಬಹುದು. ಕನ್ನಡದ ಪುಟ ಮಾಡುವವರು ಇದನ್ನು ಕಣ್ಣಾರೆ ನೋಡಿಯೇ ಬಳಸಬೇಕು.

“ಇದೆಲ್ಲ ಹಳೆಯ ಕಥೆ. 2022ರ ಜೂನ್ 15ಕ್ಕೆ ಎಕ್ಸ್‌ಪ್ಲೋರರಿಗೆ ಕಂಪನಿಯೇ ವಿದಾಯ ಹೇಳಿತು. ಈಗ ಹೊಸ ದಾರಿಗಳಿವೆ” ಎಂದು ನಮ್ಮ ಗೆಳೆಯರೇ ವಾದಿಸುತ್ತಾರೆ. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ. ‘ಡಿಸ್‌ಪ್ಲೇ: ಫ್ಲೋ-ರೂಟ್’ ಎಂಬ ಒಂದೇ ಸಾಲು ಬರೆದರೆ ಪೆಟ್ಟಿಗೆ ತೇಲಿದ್ದನ್ನು ಏನನ್ನೂ ಕತ್ತರಿಸದೆ ಒಳಗಿಟ್ಟುಕೊಳ್ಳುತ್ತದೆ. ಕ್ರೋಮ್ 58, ಫೈರ್‌ಫಾಕ್ಸ್ 53 ಇದನ್ನು 2017ರಲ್ಲಿ ಕಲಿತವು, ಸಫಾರಿ 2019ರಲ್ಲಿ. ಅಂಕಣಗಳಿಗೆ ‘ಫ್ಲೆಕ್ಸ್‌ಬಾಕ್ಸ್’, ‘ಗ್ರಿಡ್’ ಬಂದಿವೆ. ಅವುಗಳಲ್ಲಿ ತೇಲಿಸುವ ಗೊಡವೆಯೇ ಇಲ್ಲ.

ನಾವೂ ಆ ಪುಟಕ್ಕೆ ಬರೆದಿದ್ದು ಫ್ಲೋ-ರೂಟ್ ಸಾಲನ್ನೇ. ಕಾಕಾ ಅವರ ಕೈಲಿದ್ದದ್ದು ಕೈಓಎಸ್ ಎಂಬ ವ್ಯವಸ್ಥೆಯಿರುವ ಫೋನು. ನಮ್ಮ ಹಳ್ಳಿಗಳಲ್ಲಿ ಇಂಥ ಬಟನ್ ಫೋನುಗಳು ಇವತ್ತಿಗೂ ಜೇಬಿನಲ್ಲಿವೆ. ಕೈಓಎಸ್ 2.5ರ ಬ್ರೌಸರ್ ನಿಂತಿರುವುದು ಫೈರ್‌ಫಾಕ್ಸ್ 48ರ ಬುನಾದಿಯ ಮೇಲೆ. 53ರಲ್ಲಿ ಕಲಿತ ಪಾಠ 48ಕ್ಕೆ ಗೊತ್ತಿರಲು ಸಾಧ್ಯವೇ? ತಿಳಿಯದ ಸಾಲನ್ನು ಬ್ರೌಸರ್ ಸುಮ್ಮನೆ ದಾಟಿಕೊಂಡು ಹೋಗುತ್ತದೆ, ತಕರಾರು ಮಾಡುವುದಿಲ್ಲ. ಆದರೆ 2004ರ ಹಳೆಯ ಕ್ಲಿಯರ್‌ಫಿಕ್ಸ್ ಅದಕ್ಕೆ ಚೆನ್ನಾಗಿ ತಿಳಿಯುತ್ತದೆ. ನಾಲ್ಕು ಸಾಲು ಹಳೆಯದು ಬರೆಯಲು ಸೋಮಾರಿತನ ಮಾಡಿದ್ದಕ್ಕೆ ಒಬ್ಬ ರೈತರು ಅರ್ಜಿ ಹಾಕುವ ದಿನ ತಪ್ಪಿಸಿಕೊಂಡರು.

ಹೊಸ ದಾರಿ ಬೇಡ ಎಂದು ನಾವು ಹೇಳುತ್ತಿಲ್ಲ. ಹೊಸದು ತಿಳಿಯದ ಫೋನಿನಲ್ಲೂ ಅರ್ಥ ಕೆಡಬಾರದು ಎನ್ನುತ್ತಿದ್ದೇವೆ. ಅಂದ ಕೆಟ್ಟರೆ ಕೆಡಲಿ, ಯಾರಿಗೂ ನಷ್ಟವಿಲ್ಲ. ಒಂದು ಬೆಳೆಯ ದಿನಾಂಕ ಇನ್ನೊಂದರ ಪಕ್ಕ ಬಂದರೆ, ಒಬ್ಬ ಅಭ್ಯರ್ಥಿಯ ಮತ ಇನ್ನೊಬ್ಬರ ಚಿತ್ರದ ಎದುರು ಕೂತರೆ, ಒಂದು ಔಷಧದ ಅಳತೆ ಮತ್ತೊಂದರ ಕೆಳಗೆ ಬಿದ್ದರೆ ಅದು ಸುಳ್ಳು ಸುದ್ದಿಯೇ. ಬರೆದವರು ಸುಳ್ಳು ಬರೆಯದಿದ್ದರೂ ಓದಿದವರಿಗೆ ತಲುಪಿದ್ದು ಸುಳ್ಳು. ಅಚ್ಚಿನ ಪತ್ರಿಕೆಯಲ್ಲಿ ಚಿತ್ರದ ಕೆಳಗೆ ತಪ್ಪು ಹೆಸರು ಹೋದರೆ ಮರುದಿನ ತಿದ್ದುಪಡಿ ಹಾಕುತ್ತೇವೆ. ಪುಟ ಕುಸಿದದ್ದಕ್ಕೂ ಅದೇ ನಿಯಮ ಬೇಕು.

ಆ ದಿನದಿಂದ ನಾವು ಮೂರು ಮಾತಿಗೆ ಕಟ್ಟುಬಿದ್ದಿದ್ದೇವೆ. ಒಂದು, ಸಿಎಸ್‌ಎಸ್ ಪೂರ್ತಿ ತೆಗೆದರೂ ಪುಟ ಮೇಲಿನಿಂದ ಕೆಳಗೆ ಓದಿ ಅರ್ಥವಾಗಬೇಕು. ಅದಕ್ಕೇ ಬೆಳೆಯ ಹೆಸರನ್ನು ಈಗ ಚಿತ್ರದೊಳಗೆ ಇಡುವುದಿಲ್ಲ, ದಿನಾಂಕದ ಜೊತೆಗೇ ಅಕ್ಷರದಲ್ಲಿ ಬರೆಯುತ್ತೇವೆ. ಎರಡು, ಫೋನಿನ ಸಣ್ಣ ಪರದೆಯಲ್ಲಿ ಅಂಕಣವೇ ಬೇಡ, ಚಿತ್ರ ಮೇಲೆ, ಬರಹ ಕೆಳಗೆ. ಚಿತ್ರ ತೇಲಿಸಲೇಬೇಕಾದರೆ ಹಳೆಯ ಕ್ಲಿಯರ್‌ಫಿಕ್ಸ್ ಜೊತೆಗಿರಬೇಕು. ಮೂರು, ನಮ್ಮ ಬಳಿಯಿರುವ ಅತಿ ಹಳೆಯ ಫೋನಿನಲ್ಲಿ ನೋಡದೆ ಯಾವ ಪುಟವನ್ನೂ ಹೊರಬಿಡುವುದಿಲ್ಲ. ಒಂದು ಹಳೆಯ ಬಟನ್ ಫೋನನ್ನು ಇದಕ್ಕಾಗಿಯೇ ಇಟ್ಟುಕೊಂಡಿದ್ದೇವೆ.

ಸಾರ್ವಜನಿಕರಿಗಾಗಿ ಪುಟ ಮಾಡುವ ಎಲ್ಲರಿಗೂ ಇದೇ ಮಾತು ಹೇಳುತ್ತೇವೆ. ಪುಟ ಮಾಡಿಕೊಟ್ಟವರಿಗೆ ಹಣ ಕೊಡುವ ಮೊದಲು ಅದನ್ನು ಹಳ್ಳಿಯ ಕೈಯಲ್ಲಿರುವ ಫೋನಿನಲ್ಲಿ ತೆರೆದು ತೋರಿಸಿ ಎನ್ನಿ. ಸಾಹೇಬರ ಮೇಜಿನ ದೊಡ್ಡ ಪರದೆಯಲ್ಲಿ ಚೆಂದ ಕಂಡರೆ ಸಾಲದು.

ಓದುವ ನಿಮ್ಮಲ್ಲಿ ಒಂದು ಬಿನ್ನಹ. ಯಾವುದೇ ಪುಟದಲ್ಲಿ ಅಕ್ಷರದ ಮೇಲೆ ಅಕ್ಷರ ಬಂದರೆ, ಚಿತ್ರದ ಪಕ್ಕ ಸಂಬಂಧವಿಲ್ಲದ ಸಾಲು ಕಂಡರೆ, ಒತ್ತುವ ಬಟನ್ ಸಿಗದೆ ಹೋದರೆ ‘ನಮಗೆ ಇದು ತಿಳಿಯುವುದಿಲ್ಲ’ ಎಂದುಕೊಂಡು ಸುಮ್ಮನಾಗಬೇಡಿ. ಪರದೆಯ ಫೋಟೋ ತೆಗೆದು, ಫೋನ್ ಯಾವುದು, ಬ್ರೌಸರ್ ಯಾವುದು ಎಂದು ಬರೆದು ಪುಟ ಮಾಡಿದವರಿಗೆ ಕಳಿಸಿ. ಹಣದ ವಿಚಾರ, ಕೊನೆಯ ದಿನದ ವಿಚಾರವಾದರೆ ಇನ್ನೊಬ್ಬರ ಫೋನಿನಲ್ಲೂ ಒಮ್ಮೆ ನೋಡಿ.

ಕಾಕಾ ನಮ್ಮನ್ನು ಬೈಯಲಿಲ್ಲ. ಕ್ಷಮೆ ಕೇಳಿದಾಗ, “ಬಿಡ್ರಪಾ, ಮುಂದಿನ ಸಲ ಸರಿಯಾಗಿ ಹಾಕ್ರಿ” ಎಂದಷ್ಟೇ ಹೇಳಿದರು. ಹೋದ ದಿನವನ್ನು ನಾವು ಅವರಿಗೆ ವಾಪಸ್ ಕೊಡಲಾರೆವು. ಈ ಸಲದ ಪಟ್ಟಿಯನ್ನು ಮಾತ್ರ ಹೊರಗೆ ಬಿಡುವ ಮೊದಲು ಅವರಿಗೇ ಕಳಿಸಿದೆವು. ಅವರ ಫೋನಿನಲ್ಲಿ ಸರಿಯಾಗಿ ಕಂಡ ಮೇಲೆಯೇ ನಿಮ್ಮ ಮುಂದಿಟ್ಟೆವು.