ಡಬ್ಬಿ ಕೊಟ್ಟವರನ್ನೂ ಕೇಳಿರಿ

ಉಡುಪಿ ಜಿಲ್ಲೆಯ ಸಿದ್ದಾಪುರ ಕಡೆಯ ರೈತರ ಮಗಳು ಅಶ್ವಿನಿ ಅಕ್ಕುಂಜಿ 2010ರ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಗೆದ್ದರು. ಹತ್ತು ಹರ್ಡಲ್ ದಾಟಿ 56.15 ಸೆಕೆಂಡು! ರಿಲೇಯಲ್ಲೂ ಚಿನ್ನ. ಈಗ ಮುಚ್ಚಂಡಿಯ ಚಹಾದಂಗಡ್ಯಾಗ ಆ ಹೆಸರು ತೆಗೆದರ, ‘ಔಷಧ ತಗೊಂಡು ಓಡಿದಾಕಿ ಅಲ್ಲೇನು?’ ಅಂತಾರ. ಇದು ಅನ್ಯಾಯದ ಮಾತು. ಪರೀಕ್ಷೆಯಲ್ಲಿ ಸಿಕ್ಕಿದ್ದು 2011ರಲ್ಲಿ. 2010ರ ಪದಕಗಳು ಇಂದಿಗೂ ಅವರವೇ.

ಕೋಚ್ ಕೊಟ್ಟ ಜಿನ್ಸೆಂಗ್ ಬೇರಿನ ಔಷಧದಲ್ಲಿ ಕಲಬೆರಕೆ ಇತ್ತೆಂಬ ವಾದವನ್ನು ನಮ್ಮ ದೇಶದ ಶಿಸ್ತು ಸಮಿತಿ ಒಪ್ಪಿ ಒಂದು ವರ್ಷದ ನಿಷೇಧ ಹಾಕಿತು. 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ಮೈಯಾಗ ಏನು ಸಿಕ್ಕರೂ ಓಡಿದವರೇ ಹೊಣೆ ಅನ್ನೋದು ಕಾಯ್ದೆ.

ದ್ರಾಕ್ಷಿ ಬೆಳೆಗಾರರಿಗೆ ಈ ಕಾಯ್ದೆ ಹೊಸದಲ್ಲ. ಅದೇ 2010ರಲ್ಲಿ ಕ್ಲೋರ್ಮೆಕ್ವಾಟ್ ಅಂಶ ಸಿಕ್ಕಿತೆಂದು ಮಹಾರಾಷ್ಟ್ರದ ದ್ರಾಕ್ಷಿಯನ್ನು ಯುರೋಪಿನವರು ಬೇಡವೆಂದರು. ಹೊಡೀರಿ ಎಂದು ಸಲಹೆ ಕೊಟ್ಟವರನ್ನು ಯಾರು ಕೇಳಿದರು? ನಷ್ಟ ಮಾತ್ರ ತೋಟದವನದು.

ಕಾಯ್ದೆ ಕಠಿಣ ಇರಲಿ, ನಾನು ಬೇಡ ಅನ್ನೋದಿಲ್ಲ. ತಿನ್ನುವವರು ಕಣ್ಣು ತೆರೆದೇ ತಿನ್ನಬೇಕು. ಆದರೆ ಆ ಕೋಚನ್ನು ಕೆಲಸದಿಂದ ತೆಗೆದದ್ದಷ್ಟೇ ಸಾಲದು. ಕಲಬೆರಕೆ ಡಬ್ಬಿ ತಯಾರಿಸಿದವ, ಮಾರಿದವ, ‘ತಗೋ, ಏನೂ ಆಗೋದಿಲ್ಲ’ ಎಂದವ, ಎಲ್ಲರಿಗೂ ಅದೇ ತಕ್ಕಡಿ ಬೇಕು. ನಮ್ಮ ಕಡೆ ಕುಸ್ತಿ ತಾಲೀಮಿನ ಹುಡುಗರೂ ಈಗ ಪುಡಿ ಡಬ್ಬಿ ಹಿಡಿದಿದ್ದಾರೆ. ಪಾವತಿ ಇಲ್ಲದೆ ತರಬೇಡಿರೆಂದು ಮನೆಯವರು ಹೇಳಲಿ. ಮಾರುವ ಅಂಗಡಿಯವರೂ ಪಾವತಿ ಹರಿದು ಕೊಡಲಿ.