ಕೊರಿಯನ್ ಪಾಠ: ಗಿರಾಕಿಗೆ ದಕ್ಕುವುದೇನು?

ದೆಹಲಿಯ ಲಜಪತ್ ನಗರ ಎಂದರೆ ಬಟ್ಟೆ ಚೌಕಾಸಿಗೆ ಹೆಸರಾದ ಪೇಟೆ. ಅದೇ ಬಡಾವಣೆಯಲ್ಲಿ 2012ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ತನ್ನ ಸಾಂಸ್ಕೃತಿಕ ಕೇಂದ್ರ ತೆರೆಯಿತು. ಟೇಕ್ವಾಂಡೊ, ಅಡುಗೆ, ಕುಣಿತ ಎಲ್ಲಾ ಉಂಟು. ಮುಖ್ಯ ಸರಕು ಮಾತ್ರ ಭಾಷೆ.

ಕೊರಿಯನ್ ಧಾರಾವಾಹಿ, ಹಾಡುಗಳಿಗೆ ಮರುಳಾದ ಹುಡುಗ ಹುಡುಗಿಯರೇ ಇಂಥ ಪಾಠಕ್ಕೆ ಮೊದಲು ಓಡುವವರು. ಬರೀ ಖಯಾಲಿ ಎಂದು ಹಿರಿಯರು ಮೂಗು ಮುರಿಯುವುದುಂಟು. ಖಯಾಲಿ ಕಲಿಯುವವರದಿರಬಹುದು, ಕಲಿಸುವ ಸರ್ಕಾರದ್ದಲ್ಲ. ಪರದೇಶಗಳಲ್ಲಿ ಭಾಷೆ ಕಲಿಸುವುದಕ್ಕೆಂದೇ ಅದು ಸೆಜೋಂಗ್ ದೊರೆಯ ಹೆಸರಿನಲ್ಲಿ ಪ್ರತಿಷ್ಠಾನ ನಡೆಸುತ್ತಿದೆ. 1446ರಲ್ಲಿ ಕೊರಿಯನ್ನರಿಗೆ ಸ್ವಂತ ಲಿಪಿ ಕೊಟ್ಟ ದೊರೆ ಆತ. 1945ಕ್ಕೆ ಮುಂಚೆ, ಜಪಾನಿಯರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ, ಇದೇ ಭಾಷೆಯನ್ನು ಅವರದೇ ಶಾಲೆಗಳಿಂದ ಹೊರಗೆ ಹಾಕಲಾಗಿತ್ತು. ಈಗ ಅದನ್ನು ಊರೂರಿಗೆ ಹೊತ್ತು ತರುತ್ತಿದ್ದಾರೆ.

ಮೊದಲು ರುಚಿ ತೋರಿಸಿ ಆಮೇಲೆ ತಕ್ಕಡಿ ಹಿಡಿಯುವುದು ಯಾವ ಅಂಗಡಿಯವರಿಗೂ ಹೊಸತಲ್ಲ. ಹಾಡು ಕೇಳಿದವ ನಾಳೆ ಅವರ ಫೋನು, ಕಾರು, ನೂಡಲ್ಸ್ ಕೊಳ್ಳುತ್ತಾನೆ. ಸರಿ, ಗಿರಾಕಿಗೂ ಏನಾದರೂ ದಕ್ಕಬೇಕಲ್ಲ?

ಎಡವುವುದು ಇಲ್ಲೇ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶಗಳಿಂದ ಕಾರ್ಖಾನೆ ಕೆಲಸಕ್ಕೆ ಜನರನ್ನು ಕರೆಸಿಕೊಳ್ಳುವ ಒಪ್ಪಂದ ಕೊರಿಯಾಕ್ಕುಂಟು. ಅಲ್ಲಿನ ಹುಡುಗ ಭಾಷಾ ಪರೀಕ್ಷೆ ಪಾಸಾದರೆ ಸರದಿಗೆ ಸೇರುತ್ತಾನೆ. ಭಾರತ ಆ ಪಟ್ಟಿಯಲ್ಲೇ ಇಲ್ಲ. ಹಾಗಾಗಿ 'ಕೊರಿಯನ್ ಕಲೀರಿ, ಸಿಯೋಲ್‌ಗೆ ಹೋಗಿ ದುಡೀರಿ' ಎಂದು ಯಾವನಾದರೂ ಏಜೆಂಟು ಬಸ್ ಸ್ಟ್ಯಾಂಡಿನಲ್ಲಿ ಚೀಟಿ ಹಂಚಿದರೆ ಜೇಬು ಭದ್ರ ಮಾಡಿಕೊಳ್ಳುವುದು ಕ್ಷೇಮ.

ಇರುವ ದಾರಿ ಬೇರೆ. ಚೆನ್ನೈ ಬಳಿ ಶ್ರೀಪೆರಂಬದೂರಿನಲ್ಲಿ 1998ರಿಂದ ಹ್ಯುಂಡೈ, ಆಂಧ್ರದ ಪೆನುಕೊಂಡೆಯಲ್ಲಿ 2019ರಿಂದ ಕಿಯಾ ಕಾರು ತಯಾರಾಗುತ್ತಿವೆ. ಪೆನುಕೊಂಡೆ ಪಾವಗಡ, ಗೌರಿಬಿದನೂರಿನವರಿಗೆ ದೂರದ ಊರೇನಲ್ಲ. ಇಂಥ ಕಡೆ ದುಭಾಷಿಗಳಿಗೆ ಕೆಲಸವುಂಟು. ಆದರೆ ಧಾರಾವಾಹಿಯಿಂದ ಕಲಿತ ನಾಲ್ಕು ಮಾತಿನಿಂದ ಅದು ಆಗೋದಿಲ್ಲ. ಟೋಪಿಕ್ ಎಂಬ ಪರೀಕ್ಷೆಗೆ ಆರು ಹಂತ. ಮೊದಲ ಎರಡು ಅಂಗಡಿ, ಬಸ್ಸಿನ ಮಾತಿಗೆ ಸಾಕು. ದುಭಾಷಿಗೆ ಮೇಲಿನ ಹಂತಗಳೇ ಬೇಕು, ಅದಕ್ಕೆ ವರ್ಷಗಳ ದುಡಿಮೆ ಬೇಕು.

ಕನ್ನಡಿಗರಿಗೆ ಒಂದು ಅನುಕೂಲವುಂಟು. ಕೊರಿಯನ್ನಿನಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಮೂಲಾಕ್ಷರ 24 ಮಾತ್ರ. ತಂದೆಯನ್ನು ಅಲ್ಲಿನ ಮಕ್ಕಳೂ 'ಅಪ್ಪಾ' ಅಂತಲೇ ಕೂಗುತ್ತವೆ! ಕಷ್ಟ ಬರೋದು ಮರ್ಯಾದೆಯಲ್ಲಿ: ಯಜಮಾನನಿಗೆ ಒಂದು ಕ್ರಿಯಾರೂಪ, ಗೆಳೆಯನಿಗೆ ಇನ್ನೊಂದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರೌಢಶಾಲೆಯಲ್ಲಿ ಕಲಿಸಬಹುದಾದ ಪರಭಾಷೆಗಳ ಸಾಲಿಗೆ ಕೊರಿಯನ್ನನ್ನೂ ಸೇರಿಸಿದೆ. ಶಾಲೆಗಳು ನಿಜಕ್ಕೂ ಶುರು ಮಾಡಿದರೆ ಮೊದಲು ಹುಡುಕಬೇಕಾದ್ದು ಮೇಷ್ಟ್ರನ್ನು.