ಪರದೆಯ ತಪ್ಪಿಗೆ ಗ್ರಾಹಕನಿಗೆ ದಂಡ

ಎಟಿಎಂ ಯಂತ್ರದಲ್ಲಿ ಗುಪ್ತಸಂಖ್ಯೆ ಒತ್ತಿದರೆ ಹಣ ಕೈಗೆ ಬರುತ್ತದೆ. ಯುಪಿಐ ಪರದೆಯಲ್ಲಿ ಗುಪ್ತಸಂಖ್ಯೆ ಒತ್ತಿದರೆ ಹಣ ಕೈಬಿಟ್ಟು ಹೋಗುತ್ತದೆ. ಮೊದಲನೆಯದನ್ನು ವರ್ಷಗಟ್ಟಲೆ ರೂಢಿಸಿಕೊಂಡ ಜನರ ಬಳಿಗೆ 2016ರಲ್ಲಿ ಎರಡನೆಯದು ಬಂದಾಗ, ಈ ವ್ಯತ್ಯಾಸವನ್ನು ಪರದೆಯೇ ಸ್ಪಷ್ಟವಾದ ಮಾತುಗಳಲ್ಲಿ ತಿಳಿಸಬೇಕಿತ್ತು. ಅದು ತಿಳಿಸಲಿಲ್ಲ. ಆ ಮೌನದ ಬೆಲೆಯನ್ನು ತೆತ್ತವರು ಹೆಚ್ಚಾಗಿ ನಮ್ಮ ಮನೆಗಳ ಹಿರಿಯರು.

'ಕಲೆಕ್ಟ್ ರಿಕ್ವೆಸ್ಟ್' ಎಂಬ ಸೌಲಭ್ಯದ ಕಥೆಯನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಹಣ ಪಡೆಯಬೇಕಾದವನು ಕೊಡಬೇಕಾದವನ ಮೊಬೈಲಿಗೆ ಕೋರಿಕೆ ಕಳುಹಿಸುವ ಏರ್ಪಾಡು ಇದು. ಹಳೆಯ ಮಂಚವನ್ನೋ ಬೀರುವನ್ನೋ ಮಾರಲು ಜಾಹೀರಾತು ಹಾಕಿದವರಿಗೆ ವಂಚಕನು ಕರೆ ಮಾಡಿ, "ಹಣ ಕಳುಹಿಸಿದ್ದೇನೆ, ಪಿನ್ ಒತ್ತಿ ಪಡೆದುಕೊಳ್ಳಿ" ಎನ್ನುತ್ತಿದ್ದ. ಕೋರಿಕೆಯ ಟಿಪ್ಪಣಿಯ ಜಾಗದಲ್ಲಿ 'ರೀಫಂಡ್' ಎಂದು ಬರೆಯುವ ಸ್ವಾತಂತ್ರ್ಯವೂ ಅವನಿಗಿತ್ತು. ಪರದೆಯ ಮೇಲೆ ಒಂದು ಮೊತ್ತ, ಒಂದು ಹೆಸರು, ಒಂದು ಗುಂಡಿ. ಹಣ ಬರುವುದೋ ಹೋಗುವುದೋ ಎಂಬುದನ್ನು ಓದುಗನೇ ಊಹಿಸಿಕೊಳ್ಳಬೇಕು. ಹಣ ಪಡೆಯಲು ಪಿನ್ ಬೇಕಿಲ್ಲವೆಂಬ ಎಚ್ಚರಿಕೆಯ ಜಾಹೀರಾತುಗಳು ವರ್ಷಗಳ ಕಾಲ ಪ್ರಸಾರವಾದವು, ವಂಚನೆ ನಿಲ್ಲಲಿಲ್ಲ. ಕೊನೆಗೆ 2025ರ ಅಕ್ಟೋಬರ್‌ನಿಂದ ವ್ಯಕ್ತಿಗಳ ನಡುವಿನ ಇಂತಹ ಕೋರಿಕೆಗಳನ್ನೇ ನಿಲ್ಲಿಸುವಂತೆ ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು ಆದೇಶಿಸಿತು. ಜನರನ್ನು ತಿದ್ದುವುದಕ್ಕಿಂತ ಗುಂಡಿಯನ್ನು ತೆಗೆಯುವುದೇ ಪರಿಹಾರವೆಂದು ಒಪ್ಪಿಕೊಳ್ಳಲು ಒಂಬತ್ತು ವರ್ಷ ಹಿಡಿಯಿತು.

ಅಲ್ಲಿಯವರೆಗೆ ಹಣ ಕಳೆದುಕೊಂಡವರ ಗತಿಯೇನು? ರಿಸರ್ವ್ ಬ್ಯಾಂಕು 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯು ಗ್ರಾಹಕರಿಗೆ ದೊಡ್ಡ ರಕ್ಷಣೆಯನ್ನೇ ಕೊಟ್ಟಿತು. ಬ್ಯಾಂಕಿನ ಲೋಪದಿಂದ ನಷ್ಟವಾದರೆ ಗ್ರಾಹಕನಿಗೆ ಹೊಣೆಯಿಲ್ಲ. ಹೊರಗಿನವರ ಕೃತ್ಯವಾದರೆ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಸಾಕು. ಆದರೆ ಗ್ರಾಹಕನ ನಿರ್ಲಕ್ಷ್ಯದಿಂದಾದ ನಷ್ಟವನ್ನು, ಬ್ಯಾಂಕಿಗೆ ತಿಳಿಸುವವರೆಗೂ ಪೂರ್ತಿಯಾಗಿ ಅವನೇ ಹೊರಬೇಕು. ಪಿನ್ ಒತ್ತಿದ ಕೈ ನಿಮ್ಮದೇ ಎನ್ನುವ ಬ್ಯಾಂಕಿಗೆ ಈ 'ನಿರ್ಲಕ್ಷ್ಯ' ಎಂಬ ಪದವೇ ಆಸರೆ. ಪರದೆಯು ಒಬ್ಬ ಸಾಮಾನ್ಯ ಮನುಷ್ಯನಿಗೆ ಅರ್ಥವಾಗುವಂತಿತ್ತೇ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇದೇ ಪ್ರಶ್ನೆ ಬ್ಯಾಂಕಿನ ಮೇಲೆಯೇ ತಿರುಗಿದ ಪ್ರಸಂಗವೊಂದಿದೆ. 2020ರ ಆಗಸ್ಟ್‌ನಲ್ಲಿ ಅಮೆರಿಕದ ಸಿಟಿ ಬ್ಯಾಂಕು ರೆವ್ಲಾನ್ ಕಂಪನಿಯ ಸಾಲದಾತರಿಗೆ ಸುಮಾರು 78 ಲಕ್ಷ ಡಾಲರ್ ಬಡ್ಡಿಯನ್ನು ಕಳುಹಿಸಬೇಕಿತ್ತು. ಹೋದದ್ದು ಸುಮಾರು 90 ಕೋಟಿ ಡಾಲರ್. ಅಸಲು ಹೊರಗೆ ಹೋಗದಂತೆ ತಡೆಯಲು ಪರದೆಯ ಮೂರು ಚೌಕಗಳಿಗೆ ಗುರುತು ಹಾಕಬೇಕಿತ್ತು. ಒಂದಕ್ಕೆ ಹಾಕಿದರೆ ಸಾಕೆಂದು ನೌಕರರು ಭಾವಿಸಿದರು. ಒಬ್ಬರಲ್ಲ, ಒಬ್ಬರ ಮೇಲೊಬ್ಬರಂತೆ ಮೂವರು ಪರಿಶೀಲಿಸಿ ಒಪ್ಪಿಗೆ ಕೊಟ್ಟಿದ್ದರು. ಸುಮಾರು 50 ಕೋಟಿ ಡಾಲರನ್ನು ಮರಳಿಸಲು ಕೆಲವು ಸಾಲದಾತರು ನಿರಾಕರಿಸಿದಾಗ ವ್ಯಾಜ್ಯವು ನ್ಯಾಯಾಲಯಕ್ಕೆ ಹೋಯಿತು. 2021ರಲ್ಲಿ ಬ್ಯಾಂಕು ಸೋತಿತು, 2022ರಲ್ಲಿ ಮೇಲ್ಮನವಿಯಲ್ಲಿ ಗೆದ್ದಿತು. ತರಬೇತಿ ಪಡೆದು ಅದೇ ಕೆಲಸ ಮಾಡುವ ಮೂವರು ಒಂದು ಪರದೆಯನ್ನು ತಪ್ಪಾಗಿ ಓದಬಹುದಾದರೆ, ಸಂತೆಯಲ್ಲಿ ಬಿಸಿಲಿಗೆ ಕಣ್ಣು ಕಿರಿದುಮಾಡಿ ಮೊಬೈಲು ನೋಡುವ ರೈತನ ತಪ್ಪನ್ನು ನಿರ್ಲಕ್ಷ್ಯವೆಂದು ಕರೆಯುವುದು ಹೇಗೆ ನ್ಯಾಯ? ಬ್ಯಾಂಕಿಗೆ ಮೇಲ್ಮನವಿ ಸಲ್ಲಿಸುವ ಶಕ್ತಿಯಿತ್ತು.

ಕನ್ನಡದಲ್ಲಿ ಪರದೆ ಇದ್ದರೂ ಸಂಕಟ ತೀರುವುದಿಲ್ಲ. ಹಣ ಇನ್ನೂ ತಲುಪಿಲ್ಲವೆಂಬುದನ್ನು 'ಬಾಕಿ' ಎಂದು ಅನುವಾದಿಸುತ್ತಾರೆ. ನಮ್ಮಲ್ಲಿ ಬಾಕಿ ಎಂದರೆ ಕೊಡಬೇಕಾಗಿ ಉಳಿದದ್ದು. ಅದನ್ನು ಓದಿದವರು ಮತ್ತೊಮ್ಮೆ ಪಾವತಿಸಿದರೆ ಆಶ್ಚರ್ಯವೇನು? ಇಂತಹ ಪದವನ್ನು ಆರಿಸುವ ಮುನ್ನ ಕಿರಾಣಿ ಅಂಗಡಿಯ ಒಬ್ಬರನ್ನು ಕೇಳಿದ್ದರೂ ಸಾಕಿತ್ತು. ಹಣ ಕಡಿತವಾಗಿಯೂ ತಲುಪದಿದ್ದಾಗ ಏನಾಗಬೇಕೆಂಬ ನಿಯಮ 2019ರ ಸೆಪ್ಟೆಂಬರ್‌ನಿಂದಲೇ ಇದೆ: ವ್ಯಕ್ತಿಗೆ ಕಳುಹಿಸಿದ್ದಾದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟದ್ದಾದರೆ ಐದು ದಿನಗಳೊಳಗೆ ಹಣ ತಾನಾಗಿ ಮರಳಬೇಕು, ತಪ್ಪಿದರೆ ದಿನಕ್ಕೆ 100 ರೂಪಾಯಿ ಪರಿಹಾರ. ಕೇಳದೆಯೇ ಸಲ್ಲಬೇಕಾದ ಹಕ್ಕು ಇದು. ಸಾಲ, ಚಿನ್ನ, ವಿಮೆಯ ಜಾಹೀರಾತಿಗೆ ಜಾಗವಿರುವ ಪರದೆಯಲ್ಲಿ ಈ ಒಂದು ಸಾಲಿಗೆ ಜಾಗವಿಲ್ಲ.

ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಜಾಲತಾಣ ಹಾಗೂ ಆ್ಯಪ್‌ಗಳ 13 ಬಗೆಯ ಮೋಸದ ವಿನ್ಯಾಸಗಳನ್ನು ಹೆಸರಿಸಿ ನಿಷೇಧಿಸಿದ್ದು ಸ್ವಾಗತಾರ್ಹ. ಆದರೆ ಆ ಮಾರ್ಗಸೂಚಿಯ ದೃಷ್ಟಿ ಬೇಕೆಂದೇ ದಾರಿ ತಪ್ಪಿಸುವವರ ಮೇಲಿದೆ. ಬೇಜವಾಬ್ದಾರಿಯಿಂದ ಗೊಂದಲ ಹುಟ್ಟಿಸಿದವರು ಅದರ ಕೈಗೆ ಸಿಗುವುದು ಕಷ್ಟ. ಗ್ರಾಹಕನ ನಿರ್ಲಕ್ಷ್ಯವನ್ನು ನಿರ್ಣಯಿಸುವಾಗ ಅವನು ಕಂಡ ಪರದೆಯನ್ನೂ ಪರಿಶೀಲಿಸಬೇಕು, ಅದು ಸ್ಪಷ್ಟವಾಗಿತ್ತೆಂದು ತೋರಿಸುವ ಹೊಣೆ ಸೇವೆ ಕೊಟ್ಟವರ ಮೇಲಿರಬೇಕು ಎಂಬ ಒತ್ತಾಯವನ್ನು ಗ್ರಾಹಕ ಸಂಘಟನೆಗಳು ಹಾಗೂ ನಮ್ಮ ಜನಪ್ರತಿನಿಧಿಗಳು ರಿಸರ್ವ್ ಬ್ಯಾಂಕಿನ ಮುಂದಿಡಬೇಕಾಗಿದೆ.

ಮಠಮಾನ್ಯಗಳಿಗೂ ಇಲ್ಲಿ ಒಂದು ಕೆಲಸವಿದೆ. ದಾಸೋಹದ ಕಾಣಿಕೆಗೆಂದು ಇರಿಸಿದ ಕ್ಯೂಆರ್ ಫಲಕದ ಮೇಲೆ ಬೇರೊಂದು ಚೀಟಿ ಅಂಟಿಸಿ ಹೋಗುವ ವಂಚನೆ ಹೊಸದಲ್ಲ. ಹಣ ಪಡೆಯುವವರ ಹೆಸರನ್ನು ಬ್ಯಾಂಕ್ ದಾಖಲೆಯಲ್ಲಿರುವಂತೆಯೇ ತೋರಿಸಬೇಕೆಂದು 2025ರಲ್ಲಿ ಪಾವತಿ ನಿಗಮವು ಸೂಚಿಸಿದೆ. ಆ ಹೆಸರು ಸಾಮಾನ್ಯವಾಗಿ ಇಂಗ್ಲಿಷ್ ಅಕ್ಷರಗಳಲ್ಲಿ, ಮಠದ ರೂಢಿಯ ಹೆಸರಿಗಿಂತ ಬೇರೆಯಾಗಿ, ಯಾವುದೋ ಟ್ರಸ್ಟಿನ ಹೆಸರಾಗಿ ಕಾಣುತ್ತದೆ. ಪರದೆಯಲ್ಲಿ ಕಾಣುವ ಅದೇ ಅಕ್ಷರಗಳನ್ನು, ಪಕ್ಕದಲ್ಲಿ ಕನ್ನಡವನ್ನೂ ಫಲಕದ ಮೇಲೆ ದೊಡ್ಡದಾಗಿ ಬರೆಯಿಸಿದರೆ ಭಕ್ತರು ಪಿನ್ ಒತ್ತುವ ಮುನ್ನ ತಾಳೆ ನೋಡಬಹುದು. ಹೆಸರು ಹೊಂದದಿದ್ದರೆ ಪಾವತಿಸದೆ ಕಚೇರಿಗೆ ತಿಳಿಸಬೇಕು. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ 1930 ಸಹಾಯವಾಣಿಗೂ ಕರೆ ಮಾಡಬೇಕು.